ಕೊನೇ ಕ್ವಾರ್ಟರ್‌ನಾಗ ಕಂಪ್ಯೂಟರ್ ಒಗದಿದ್ದೆಲ್ಲ ಒಳಗ: ಮೋಸಾನೋ, ಮೊಮೆಂಟಮ್ಮೋ?

ಕೇಳಿದ್ದು, ಕೊಪ್ಪಳದಿಂದ

ಎಲ್ಲಾರಿಗೂ ನಮಸ್ಕಾರ್ರಿ. ನಾನು, ನನ್ನ ತಮ್ಮ ಇಬ್ರೂ ಹಾಲ್‌ನಾಗಿನ ಟಿವಿಗೆ ಹಳೇ ಕನ್ಸೋಲ್ ಹಚ್ಚಿ ಬ್ಯಾಸ್ಕೆಟ್‌ಬಾಲ್ ಗೇಮ್ ಆಡ್ತೀವಿ. ಮೂರನೇ ಕ್ವಾರ್ಟರ್ ಮುಗಿಯೋತನಕ ಹದಿನೈದು ಪಾಯಿಂಟ್ ಮುಂದ ಇರ್ತೀವಿ. ಆಮ್ಯಾಲೆ ಕಂಪ್ಯೂಟರ್ ಟೀಮಿಗೆ ಮೈಮ್ಯಾಲೆ ಬಂದಂಗ ಆಗ್ತೈತಿ. ಎಲ್ಲಿಂದ ಒಗದ್ರೂ ಒಳಗ. ನಮ್ಮ ಪ್ಲೇಯರ್ ಮುಂದ ಒಬ್ಬನೂ ಇಲ್ಲಂದ್ರೂ ಬಾಲ್ ರಿಂಗಿಗೆ ಬಡದು ಹೊರಗ. ಕಂಪ್ಯೂಟರ್ ಮೋಸ ಮಾಡ್ತೈತೇನು? ಇಲ್ಲಾ ಸಾಲಾಗಿ ಹಾಕಿದೋರಿಗೆ ಇನ್ನಷ್ಟು ಬೀಳೋ ಹಂಗ ಮೊಮೆಂಟಮ್ ಅಂತ ಗೇಮಿನೊಳಗ ಇಟ್ಟಿರ್ತಾರೇನು? ತಮ್ಮ ಆಟಾನ ಬಿಡ್ತೀನಿ ಅಂತ ಕುಂತಾನ. ಇಂಥಾದ್ದು ಕಂಡೋರು ಏನು ಮಾಡಿದ್ರಿ ಹೇಳ್ರಿ.

ಬಳ್ಳಾರಿಯಿಂದ, ಗೇಮಿಂಗ್ ಸೆಂಟರ್ ನಡೆಸುವವರು

ತಮ್ಮಾ, ಮೋಸದ ಮಾತು ಆಮೇಲೆ. ಮೊದಲು ಟಿವಿ ರಿಮೋಟ್ ತಗೊಂಡು ಸೆಟ್ಟಿಂಗ್‌ನಲ್ಲಿ ಗೇಮ್ ಮೋಡ್ ಐತಾ ನೋಡು. ಹಾಲ್‌ನಲ್ಲಿ ಇಡೋ ಟಿವಿಗಳು ಸಿನಿಮಾ, ಧಾರಾವಾಹಿ ಚಂದ ಕಾಣ್ಲಿ ಅಂತ ಒಂದೊಂದು ಚಿತ್ರಾನೂ ತಿದ್ದಿ ತೋರಿಸ್ತವೆ. ಆ ಕೆಲಸಕ್ಕೆ ಹೊತ್ತು ಹಿಡಿಯುತ್ತೆ, ಗೇಮ್ ಮೋಡ್ ಹಾಕಿದ್ರೆ ಅದು ಕಡಿಮೆ ಆಗುತ್ತೆ. ಸೆಕೆಂಡಿನ ಹತ್ತನೇ ಒಂದು ಭಾಗ ತಡ ಆಯ್ತು ಅಂದ್ಕೋ, ಸೆಕೆಂಡಿಗೆ 60 ಫ್ರೇಮ್, ಅಂದ್ರೆ 60 ಚಿತ್ರ, ಓಡೋ ಗೇಮಲ್ಲಿ 6 ಫ್ರೇಮ್ ಹೋಯ್ತು. ಶಾಟ್ ಬಟನ್ ಬಿಡೋಕೆ ಸರಿಯಾದ ಗಳಿಗೆ ಅಂತ ಇರೋದೇ ಕೆಲವು ಫ್ರೇಮು. ನೀನು ಕಣ್ಣಿಗೆ ಕಂಡಿದ್ದನ್ನು ನಂಬಿ ಬಿಟ್ಟಿರ್ತೀಯ, ಗೇಮಿನ ಲೆಕ್ಕದಲ್ಲಿ ತಡ ಆಗಿರುತ್ತೆ. ಕಂಪ್ಯೂಟರ್ ಟೀಮು ಟಿವಿ ನೋಡ್ಕೊಂಡು ಆಡಲ್ಲ, ಅದಕ್ಕೆ ಈ ತಡ ತಟ್ಟೋದೇ ಇಲ್ಲ. ಗೇಮ್ ಬರೆದೋರು ಬೇಕಂತ ಇಟ್ಟಿದ್ದಲ್ಲ, ಆದ್ರೂ ಅನ್ಯಾಯಾನೇ.

ಇದು ನಾಲ್ಕೂ ಕ್ವಾರ್ಟರ್‌ಗೆ ಒಂದೇ ಥರ ಅಲ್ವಾ ಅಂತ ಕೇಳ್ತೀಯ. ಹೌದು. ಕೊನೇದರಲ್ಲೇ ಕೈ ಕೊಡೋಕೆ ಕಾರಣ ಬೇರೆ, ಸುಸ್ತು. ನಮ್ಮ ಸೆಂಟರಿಗೆ ಬರೋ ಹುಡುಗ್ರು ಬಹಳ ಜನ ಐದು ಸ್ಟಾರ್ ಪ್ಲೇಯರ್‌ಗಳನ್ನೇ ಶುರುವಿಂದ ಕೊನೇವರೆಗೂ ಓಡಿಸ್ತಾರೆ, ಜೋರಾಗಿ ಓಡಿಸೋ ಟರ್ಬೋ ಬಟನ್ ಮೇಲಿನ ಬೆರಳು ತೆಗೆಯೋದೇ ಇಲ್ಲ. ನಿಜದ ಆಟಾನ ಅನುಸರಿಸೋ ಗೇಮ್‌ಗಳಲ್ಲಿ ದಮ್ಮು ಇಳಿದ ಪ್ಲೇಯರ್‌ಗೆ ಶಾಟ್ ಬೀಳೋ ಸಾಧ್ಯತೇನೂ ಇಳಿಯುತ್ತೆ, ಡಿಫೆನ್ಸಲ್ಲಿ ಕಾಲೂ ನಿಧಾನ ಆಗುತ್ತೆ. ಕಂಪ್ಯೂಟರ್ ಅಷ್ಟರಲ್ಲಿ ಬೆಂಚಲ್ಲಿದ್ದೋರನ್ನು ಇಳಿಸಿ, ತನ್ನ ಒಳ್ಳೇ ಪ್ಲೇಯರ್‌ಗಳಿಗೆ ರೆಸ್ಟ್ ಕೊಟ್ಟು, ನಾಲ್ಕನೇ ಕ್ವಾರ್ಟರ್‌ಗೆ ಮತ್ತೆ ಕರ್ಕೊಂಡು ಬಂದಿರುತ್ತೆ. ಪ್ಲೇಯರ್‌ಗಳನ್ನು ತಾನೇ ಬದಲಿಸೋ ಆಟೋ ಸಬ್‌ಸ್ಟಿಟ್ಯೂಷನ್ ಆಫ್ ಆಗಿದ್ರೆ ಇವತ್ತೇ ಆನ್ ಮಾಡು.

ರಾಯಚೂರಿನಿಂದ, ದೈಹಿಕ ಶಿಕ್ಷಣ ಶಿಕ್ಷಕರು

ಬಳ್ಳಾರಿಯವರು ಹೇಳಿದ್ದು ಕೋರ್ಟಿನ್ಯಾಗ ಕಣ್ಣಿಗಿ ಕಾಣ್ತದ. ಶಾಟಿನ ಬಲ ಹೆಚ್ಚಾಗಿ ಬರೋದು ಕಾಲಿಂದ, ಬರೇ ಕೈಯಿಂದಲ್ಲ. ನಮ್ಮ ಬಿಸಿಲಿಗಿ ಮಕ್ಕಳು ಮುಂಜಾನೆ ಆಡಿದ್ರೂ ಕೊನೀಗಿ ಕಾಲು ಸೋತಿರ್ತಾವ, ಬಾಲ್ ರಿಂಗಿನ ಮುಂದs ಗಿಡ್ಡ ಬೀಳ್ತದ.

ನಾ ಹೇಳೋದು ಇನ್ನೊಂದು ಅದ. ಹದಿನೈದು ಪಾಯಿಂಟ್ ಮುಂದ ಇದ್ದಾಗ ನೀವು ಹ್ಯಾಂಗ ಆಡ್ತೀರಿ? ಬಾಲ್ ಸಿಕ್ಕ ಕೂಡ್ಲೇ ಓಡಿ ಹೋಗಿ ದೂರಿಂದ ಮೂರು ಪಾಯಿಂಟಿನ ತ್ರೀ ಒಗೀತೀರಿ ಅಂತ ನನ್ನ ಅಂದಾಜು. ಅಮೆರಿಕದ ದೊಡ್ಡ ಲೀಗ್ ಎನ್‌ಬಿಎ ನಿಯಮದಾಗ ಒಂದು ದಾಳಿಗಿ 24 ಸೆಕೆಂಡ್ ಕೊಟ್ಟಾರ. ಮುಂದ ಇದ್ದೋರು ಅದನ್ನ ಪೂರಾ ಬಳಸಬೇಕು. ಐದು ಸೆಕೆಂಡಿನ್ಯಾಗ ಒಗದು ತಪ್ಪಿದ್ರ ಹಿಂದ ಇದ್ದೋರ ಕೈಗಿ ಪುಕ್ಕಟೆ ಟೈಮ್ ಕೊಟ್ಟಂಗ. ಎದುರಿನೋರು ಸಾಲಾಗಿ ಎರಡು ಮೂರು ಬಾಸ್ಕೆಟ್ ಹಾಕಿದ್ರಂದ್ರ ತಡಾ ಮಾಡಬ್ಯಾಡ್ರಿ, ಟೈಮ್ ಔಟ್ ತೊಗೋರಿ. ಭಾಳ ಗೇಮಿನ್ಯಾಗ ಅದರಿಂದ ಪ್ಲೇಯರ್‌ಗಳ ದಮ್ಮು ಸ್ವಲ್ಪ ತಿರುಗಿ ಬರ್ತದ. ನಿಮ್ಮ ಸಿಟ್ಟೂ ಇಳೀತದ. ಆಮ್ಯಾಲ ಬಾಲ್ ರಿಂಗಿನ ಹತ್ರ ಎತ್ತರದವನಿಗಿ ಕೊಟ್ಟು ಆಡ್ರಿ, ಒಗಿಯೋವಾಗ ಫೌಲ್ ಆದ್ರ ಗಡಿಯಾರ ನಿಂತು, ಯಾರೂ ಅಡ್ಡ ಬರದ ಫ್ರೀ ಥ್ರೋ ಸಿಗ್ತದ.

ಗಂಗಾವತಿಯಿಂದ, ಸಂಖ್ಯಾಶಾಸ್ತ್ರದ ಉಪನ್ಯಾಸಕಿ

ಬಾಸ್ಕೆಟ್ ಸಾಲಾಗಿ ಬಿದ್ದ ಮಾತ್ರಕ್ಕೆ ಮೋಸವೆನ್ನಲು ಬರುವುದಿಲ್ಲ. ಎರಡಕ್ಕೆ ಒಂದು ಶಾಟ್ ಬೀಳುವ ತಂಡ ಪಂದ್ಯದಲ್ಲಿ 60 ಶಾಟ್ ಹಾಕಿತು ಎನ್ನಿ. ಗೇಮಿನೊಳಗೆ ಮೊಮೆಂಟಮ್ ಏನೂ ಇಲ್ಲದಿದ್ದರೂ ಅರ್ಧಕ್ಕಿಂತ ಹೆಚ್ಚು ಪಂದ್ಯಗಳಲ್ಲಿ ಎಲ್ಲಾದರೂ ಒಂದು ಕಡೆ ಐದು ಶಾಟ್ ಸಾಲಾಗಿ ಬಿದ್ದೇ ಬೀಳುತ್ತವೆ. ಮೊದಲ ಕ್ವಾರ್ಟರ್‌ನಲ್ಲಿ ಬಿದ್ದರೆ ನಾವು ಮರೆಯುತ್ತೇವೆ, ಕೊನೆಯದರಲ್ಲಿ ಬಿದ್ದರೆ ಜನ್ಮಪೂರ್ತಿ ನೆನಪಿಡುತ್ತೇವೆ.

ನಿಜದ ಆಟದಲ್ಲೇ ಈ ಚರ್ಚೆ ಹಳೆಯದು. ಗಿಲೋವಿಚ್, ವಲ್ಲೋನ್, ಟ್ವೆರ್‌ಸ್ಕಿ ಎಂಬ ಮೂವರು ಸಂಶೋಧಕರು ಫಿಲಡೆಲ್ಫಿಯಾ ತಂಡದ ಶಾಟ್‌ಗಳ ದಾಖಲೆ ಜಾಲಾಡಿ, ಸಾಲಾಗಿ ಹಾಕಿ ಲಯ ಹಿಡಿದ, ಕೈ ಕುದುರಿದ ಆಟಗಾರನಿಗೆ ಮುಂದಿನ ಶಾಟೂ ಬೀಳುವ ಸಾಧ್ಯತೆ ಹೆಚ್ಚೆಂಬ ನಂಬಿಕೆಗೆ ಆಧಾರವಿಲ್ಲ ಎಂದು 1985ರಲ್ಲಿ ಬರೆದರು. ಮೂರು ದಶಕ ಎಲ್ಲರೂ ಅದನ್ನೇ ಪಾಠ ಮಾಡಿದೆವು. 2018ರಲ್ಲಿ ಮಿಲ್ಲರ್, ಸಂಜುರ್ಹೋ ಎಂಬ ಇಬ್ಬರು ಆ ಲೆಕ್ಕದಲ್ಲೇ ಸೂಕ್ಷ್ಮವಾದ ದೋಷ ತೋರಿಸಿದರು. ಕಾಗದ ತೆಗೆದುಕೊಂಡು ನೀವೇ ಮಾಡಿ ನೋಡಿ. ಮೂರು ಸಲ ನಾಣ್ಯ ಚಿಮ್ಮಿಸಿದರೆ ಬರಬಹುದಾದ ಸಾಲುಗಳು 8. ಮೊದಲೆರಡರಲ್ಲಿ ಒಂದಾದರೂ ಹೆಡ್ಸ್ ಇರುವವು 6. ಪ್ರತಿ ಸಾಲಿನಲ್ಲೂ ಹೆಡ್ಸ್ ಆದಮೇಲೆ ಮತ್ತೆ ಹೆಡ್ಸ್ ಬಂದ ಪಾಲು ಬರೆದು, ಆರರ ಸರಾಸರಿ ತೆಗೆಯಿರಿ. ಅರ್ಧ ಬರುವುದಿಲ್ಲ, 12ರಲ್ಲಿ 5 ಬರುತ್ತದೆ. ಅಂದರೆ ಹಳೆಯ ವಿಧಾನ ಅಳೆಯುವ ಮೊದಲೇ ಲಯವನ್ನು ಕಡಿಮೆ ತೋರಿಸುತ್ತಿತ್ತು. ಲಯ ಇರಬಹುದು ಎಂಬ ಬಾಗಿಲು ಹೀಗೆ ಮತ್ತೆ ತೆರೆಯಿತು. ನನಗೆ ಈ ವಿಷಯದಲ್ಲಿ ಅತ್ಯಂತ ಇಷ್ಟವಾದದ್ದು ಇದೇ. ಪಾಠ ಮಾಡುವಾಗ ಬೋರ್ಡಿನ ಮೇಲೆ ಆ ಆರು ಸಾಲು ಬರೆಯದೆ ಬಿಡುವುದಿಲ್ಲ.

ಕ್ವಾರ್ಟರ್ ಎಷ್ಟು ನಿಮಿಷ ಇಟ್ಟಿದ್ದೀರಿ? ಎನ್‌ಬಿಎಯಲ್ಲಿ 12 ನಿಮಿಷ. ನೀವು ಐದಕ್ಕೆ ಇಳಿಸಿದ್ದರೆ ಶಾಟ್‌ಗಳು ಕಡಿಮೆಯಾಗಿ ಅದೃಷ್ಟದ ತೂಕ ಹೆಚ್ಚುತ್ತದೆ.

ಸಿಂಧನೂರಿನಿಂದ

ಮೇಡಂ, ನಿಮ್ಮ ಲೆಕ್ಕ ಖರೇ ಅದ. ಆದ್ರ ಎಲ್ಲಾನೂ ಅದೃಷ್ಟದ ಮ್ಯಾಲ ಹಾಕಬ್ಯಾಡ್ರಿ. 1993ರ ಎನ್‌ಬಿಎ ಜ್ಯಾಮ್ ಗೇಮ್ ತೊಗೋರಿ. ಒಬ್ಬನೇ ಸಾಲಾಗಿ ಮೂರು ಬಾಸ್ಕೆಟ್ ಹಾಕಿದ್ರ ಬಾಲಿಗಿ ಬೆಂಕಿ ಹತ್ತತಿತ್ತು, ಟರ್ಬೋ ಖಾಲಿನೇ ಆಗ್ತಿರಲಿಲ್ಲ, ಶಾಟ್ ಬೀಳೋದೂ ಹೆಚ್ಚಾಗ್ತಿತ್ತು. ಎದುರಿನೋರು ಬಾಸ್ಕೆಟ್ ಹಾಕಿದ್ರ ಬೆಂಕಿ ಆರ್ತಿತ್ತು. ಮೊಮೆಂಟಮ್ ಅಂದ್ರ ಇದೇ, ಮುಚ್ಚುಮರಿ ಇಲ್ಲದ್ದು, ಎರಡೂ ಕಡಿಗಿ ಸಮ. ಅದೇ ಗೇಮಿನ್ಯಾಗ ಮುಚ್ಚಿಟ್ಟಿದ್ದೂ ಇತ್ತು. ಗೇಮ್ ಮಾಡಿದ ಮಾರ್ಕ್ ಟರ್ಮೆಲ್ ಡೆಟ್ರಾಯಿಟ್ ಪಿಸ್ಟನ್ಸ್ ಅಭಿಮಾನಿ. ಪಿಸ್ಟನ್ಸ್ ವಿರುದ್ಧ ಜಿದ್ದಾಜಿದ್ದಿ ಪಂದ್ಯದ ಕೊನೀ ಗಳಿಗ್ಯಾಗ ಷಿಕಾಗೋ ಬುಲ್ಸ್ ಶಾಟ್ ತಪ್ಪೋ ಹಂಗ ಕೋಡ್ ಬರದಿದ್ದೆ ಅಂತ ಅವನೇ ಮುಂದ ಒಪ್ಪಿಕೊಂಡಾನ. ಹಿಂದ ಬಿದ್ದೋರನ್ನ ಮ್ಯಾಲ ಎತ್ತೋ ಸಹಾಯಾನೂ ಇತ್ತು, ಮನೀ ಕನ್ಸೋಲಿನ್ಯಾಗ ಅದನ್ನ ಆಫ್ ಮಾಡೋ ಆಯ್ಕೆ ಕೊಟ್ಟಿದ್ರು. ಎನ್‌ಬಿಎ 2ಕೆ19 ಗೇಮಿನಿಂದ ಬಂದ ಟೇಕ್‌ಓವರ್‌ನೂ ಚೊಲೋ ಆಡಿದವನಿಗಿ ಸ್ವಲ್ಪ ಹೊತ್ತು ಶಕ್ತಿ ಏರಿಸೋದೇ, ಆದ್ರ ಮೀಟರ್ ಕಣ್ಣಿಗಿ ಕಾಣ್ತದ.

ನನ್ನ ಅಳತಿ ಇಷ್ಟೇ: ಕಾಣೋದು, ಎರಡೂ ಕಡಿಗಿ ಸಿಗೋದು ನ್ಯಾಯ. ಹೇಳದs ಒಂದು ಕಡಿ ವಾಲಿಸಿದ್ರ ಅನ್ಯಾಯ, ಅದು ನನ್ನ ಗೆಲ್ಲಿಸಾಕ ಇದ್ರೂ ಅನ್ಯಾಯಾನೇ.

ಕೊಪ್ಪಳದಿಂದ, ಕೇಳಿದವರೇ

ಗೇಮ್ ಮೋಡ್ ಹಾಕಿದ್ವಿರಿ, ಖಾಲಿ ಇದ್ದಾಗಿನ ಶಾಟ್ ಈಗ ಒಳಗ ಬೀಳಾಕತ್ತಾವ. ಆಟೋ ಸಬ್‌ಸ್ಟಿಟ್ಯೂಷನ್ ಆಫ್ ಇತ್ತು, ಆನ್ ಮಾಡೀವಿ. ಆದ್ರ ಕಂಪ್ಯೂಟರ್ ತ್ರೀ ಮಾತ್ರ ಇನ್ನೂ ಹಂಗ ಬೀಳ್ತಾವ. ಮುಚ್ಚಿಟ್ಟ ಸಹಾಯ ಐತಿ ಇಲ್ಲ ಅಂತ ಹೆಂಗ ಹಿಡೀಬೇಕು?

ಬಳ್ಳಾರಿಯಿಂದ, ಗೇಮಿಂಗ್ ಸೆಂಟರ್‌ನವರು

ಅದೇ ಎರಡು ಟೀಮ್ ಹಾಕಿ ಕಂಪ್ಯೂಟರ್‌ಗೂ ಕಂಪ್ಯೂಟರ್‌ಗೂ ಆಡಿಸು. ನೀವಿಬ್ರೂ ಕಂಟ್ರೋಲರ್ ಕೆಳಗಿಟ್ಟು, ನೋಟ್‌ಬುಕ್ಕಲ್ಲಿ ಪ್ರತಿ ಕ್ವಾರ್ಟರ್ ಕೊನೇಲಿ ಸ್ಕೋರು, ತ್ರೀ ಎಷ್ಟು ಹಾಕಿದ್ರು, ಎಷ್ಟು ಬಿದ್ವು ಬರೀರಿ. ಒಂದೇ ಪಂದ್ಯ ನೋಡಿ ತೀರ್ಮಾನ ಮಾಡಬೇಡ, ಮೇಡಂ ಹೇಳಿದಂಗೆ ಸಾಲು ತಾನಾಗೇ ಬರುತ್ತೆ. ಅಲ್ಲೂ ಪ್ರತಿ ಸಲ ಹಿಂದೆ ಬಿದ್ದ ಟೀಮೇ ಕೊನೇಲಿ ಏರಿ ಬಂದ್ರೆ, ಸಮ ಮಾಡೋ ಸಹಾಯ ಗೇಮಿನೊಳಗೇ ಐತೆ ಅನ್ನೋ ಅನುಮಾನಕ್ಕೆ ಬಲ ಬಂತು. ಅಲ್ಲಿ ಬರದೇ ನೀವು ಆಡುವಾಗ ಮಾತ್ರ ಬಂದ್ರೆ, ಕಷ್ಟದ ಮಟ್ಟ ನೋಡು. ಮಟ್ಟ ಏರಿಸಿದ್ರೆ ಕಂಪ್ಯೂಟರ್ ಜಾಣ ಆಗೋದಷ್ಟೇ ಅಲ್ಲ, ನಿಮ್ಮ ಶಾಟಿನ ಗಳಿಗೆ ಕಿರಿದಾಗುತ್ತೆ, ಅದರ ಶಾಟ್ ಬೀಳೋದು ಹೆಚ್ಚಾಗುತ್ತೆ.

ಎನ್‌ಬಿಎ 2ಕೆ ಥರದ ಗೇಮ್‌ಗಳಲ್ಲಿ ಆಡೋರಿಗೆ ಬೇರೆ, ಕಂಪ್ಯೂಟರ್‌ಗೆ ಬೇರೆ ಸ್ಲೈಡರ್, ಅಂದ್ರೆ ಅಂಕಿ ಏರಿಸಿ ಇಳಿಸೋ ಸೆಟ್ಟಿಂಗ್, ಇರ್ತವೆ. ನಿಮ್ಮ ಗೇಮಲ್ಲೂ ಇದ್ರೆ ಮೊದಲು ಕಂಪ್ಯೂಟರ್‌ನ ತ್ರೀ ಪಾಯಿಂಟ್ ಒಂದನ್ನೇ ಎರಡು ಮೂರು ಅಂಕಿ ಇಳಿಸು. ಬೇರೆ ಯಾವುದನ್ನೂ ಮುಟ್ಟಬೇಡ, ನಾಲ್ಕಾರು ಪಂದ್ಯ ಹಂಗೇ ಆಡಿ ಬರೆದಿಡಿ. ಒಟ್ಟಿಗೆ ಎಲ್ಲಾ ತಿರುಗಿಸಿದ್ರೆ ಯಾವುದರಿಂದ ಸರಿ ಆಯ್ತು ಅಂತ ಗೊತ್ತೇ ಆಗಲ್ಲ. ಬರೆಯೋ ಕೆಲಸ ತಮ್ಮನಿಗೆ ಕೊಡು.