ಥಾಯ್ಲೆಂಡಿನಲ್ಲಿ ನೆಲೆಸುವವರಿಗೆ: ಒಂದು ವರ್ಷದ ವಿಸ್ತರಣೆ ಮತ್ತು 90 ದಿನಗಳ ವರದಿ

ಬ್ಯಾಂಕ್ ಕೆಲಸದಿಂದ ನಿವೃತ್ತರಾಗಿ ಧಾರವಾಡದಿಂದ ಚಿಯಾಂಗ್ ಮಾಯ್‌ಗೆ ಪತ್ನಿಯೊಂದಿಗೆ ಬಂದಿರುವ ಹಿರಿಯರೊಬ್ಬರು ಕೇಳಿದ್ದಾರೆ: ‘ನಾನ್-ಓ (ನಿವೃತ್ತರು, ಕುಟುಂಬದವರು ಮೊದಲಾದವರಿಗೆ ಕೊಡುವ) ವೀಸಾದಲ್ಲಿ 90 ದಿನ ಉಳಿಯಲು ಮುದ್ರೆ ಬಿದ್ದಿದೆ. ನಿವೃತ್ತರ ಆಧಾರದ ಮೇಲೆ ಒಂದು ವರ್ಷಕ್ಕೆ ವಿಸ್ತರಿಸಿಕೊಳ್ಳಬೇಕು. ಖಾತೆಯಲ್ಲಿ ಹಣ ತೋರಿಸುವುದನ್ನೂ ತಾವೇ ನೋಡಿಕೊಳ್ಳುತ್ತೇವೆ ಎನ್ನುತ್ತಾನೆ ಒಬ್ಬ ಏಜೆಂಟ್. ಒಪ್ಪಿಕೊಳ್ಳಲೇ? ಅನುಭವ ಇದ್ದವರು ತಿಳಿಸಿ.’

ಸರ್, ದಯವಿಟ್ಟು ಒಪ್ಪಿಕೊಳ್ಳಬೇಡಿ. ಅರ್ಜಿ ತುಂಬಿಸಲು, ಸಾಲಿನಲ್ಲಿ ನಿಲ್ಲಲು ಯಾರ ನೆರವನ್ನಾದರೂ ಪಡೆಯಿರಿ, ಅದರಲ್ಲಿ ತಪ್ಪಿಲ್ಲ. ಆದರೆ ಬೇರೆಯವರ ಹಣವನ್ನು ನಾಲ್ಕು ದಿನ ನಿಮ್ಮ ಖಾತೆಯಲ್ಲಿಟ್ಟು ತೆಗೆಯುವ ಏರ್ಪಾಡು ಬೇಡ. ಐವತ್ತು ದಾಟಿದವರ ವಿಸ್ತರಣೆಗೆ ಥಾಯ್ ಬ್ಯಾಂಕಿನಲ್ಲಿ 8 ಲಕ್ಷ ಬಾತ್ ಇರಬೇಕು. ಅದು ಅರ್ಜಿಗೆ ಎರಡು ತಿಂಗಳು ಮೊದಲೇ ಜಮೆಯಾಗಿರಬೇಕು. 2019ರಿಂದ ಇನ್ನೊಂದು ನಿಯಮವೂ ಸೇರಿದೆ: ವಿಸ್ತರಣೆ ಸಿಕ್ಕ ಮೇಲೂ ಮೂರು ತಿಂಗಳು ಆ ಮೊತ್ತ ಹಾಗೆಯೇ ಇರಬೇಕು, ಆಮೇಲೂ 4 ಲಕ್ಷಕ್ಕಿಂತ ಕೆಳಗೆ ಇಳಿಯಬಾರದು. ಏಜೆಂಟನ ಹಣ ಬಂದು ಹೋದದ್ದು ಪಾಸ್‌ಬುಕ್ಕಿನಲ್ಲಿ ಉಳಿಯುತ್ತದೆ. ಮುಂದಿನ ವರ್ಷ ಅಧಿಕಾರಿ ಪುಟ ತಿರುವಿದಾಗ ಉತ್ತರ ಹೇಳಬೇಕಾದವರು ನೀವು; ಅರ್ಜಿಯ ಮೇಲಿರುವ ಸಹಿ ನಿಮ್ಮದು. ತಿಂಗಳಿಗೆ 65,000 ಬಾತ್ ವರಮಾನ ತೋರಿಸುವ ದಾರಿಯೂ ಇದೆ, ಎರಡನ್ನೂ ಕೂಡಿಸಿ ವರ್ಷಕ್ಕೆ 8 ಲಕ್ಷ ತೋರಿಸುವ ದಾರಿಯೂ ಇದೆ. ಆದರೆ ಮೊದಲ ವರ್ಷಕ್ಕೆ ಠೇವಣಿಯೇ ಸುಲಭ.

ನಿಮಗೆ ನಿಜವಾದ ಇಕ್ಕಟ್ಟು ದಿನಗಳದ್ದು. ಇರುವುದು 90 ದಿನ. ಹಣ 60 ದಿನ ಖಾತೆಯಲ್ಲಿ ಕೂತಿರಬೇಕು. ಹಾಗಾದರೆ ಮೊದಲ ತಿಂಗಳೊಳಗೆ ಖಾತೆ ತೆರೆದು ಹಣ ತರಿಸಿಕೊಳ್ಳಲೇಬೇಕು. ಖಾತೆ ತೆರೆಯುವುದು ಶಾಖೆಯಿಂದ ಶಾಖೆಗೆ ಬೇರೆ ಬೇರೆ. ಒಂದೇ ಬ್ಯಾಂಕಿನ ಒಂದು ಶಾಖೆಯವರು ಬಾಡಿಗೆ ಕರಾರು ನೋಡಿ ತೆರೆದುಕೊಡುತ್ತಾರೆ, ಇನ್ನೊಂದು ಶಾಖೆಯವರು ಇಮಿಗ್ರೇಷನ್ ಕಚೇರಿಯ ವಾಸ ದೃಢೀಕರಣ ಬೇಕೆನ್ನುತ್ತಾರೆ. ಒಬ್ಬರು ಇಲ್ಲವೆಂದರೆ ಮನಸ್ಸು ಕೆಡಿಸಿಕೊಳ್ಳದೆ ಇನ್ನೊಂದು ಶಾಖೆಗೆ ಹೋಗಿ.

ಭಾರತದಿಂದ ಹಣ ಬರುವ ಕಡೆಯೂ ಗಮನವಿರಲಿ. ಎಂಟು ಲಕ್ಷ ಬಾತ್ ಎಂದರೆ ಇಪ್ಪತ್ತು ಲಕ್ಷ ರೂಪಾಯಿ ದಾಟುತ್ತದೆ. ವಿದೇಶಕ್ಕೆ ಹಣ ಕಳುಹಿಸಲು ರಿಸರ್ವ್ ಬ್ಯಾಂಕ್ ಮಾಡಿರುವ ಉದಾರೀಕೃತ ರವಾನೆ ಯೋಜನೆಯಲ್ಲಿ ಕಳುಹಿಸಿದರೆ, ಒಂದು ಹಣಕಾಸು ವರ್ಷದಲ್ಲಿ 10 ಲಕ್ಷ ರೂಪಾಯಿ ಮೀರಿದ ಭಾಗಕ್ಕೆ ಬ್ಯಾಂಕು ಶೇ 20ರಷ್ಟು ಟಿಸಿಎಸ್ (ಮೂಲದಲ್ಲೇ ಸಂಗ್ರಹಿಸುವ ತೆರಿಗೆ) ವಸೂಲಿ ಮಾಡುತ್ತದೆ. ರಿಟರ್ನ್ಸ್ ಸಲ್ಲಿಸುವಾಗ ಅದು ಹೊಂದಾಣಿಕೆಯಾಗುತ್ತದೆ, ಮರುಪಾವತಿಯೂ ಸಿಗುತ್ತದೆ, ಆದರೆ ಕಳುಹಿಸುವ ದಿನ ಅಷ್ಟು ಹೆಚ್ಚಿನ ರೂಪಾಯಿ ಕೈಯಲ್ಲಿರಬೇಕು. ಬ್ಯಾಂಕಿನಲ್ಲಿ ಕೆಲಸ ಮಾಡಿದ ನಿಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಓದುತ್ತಿರುವ ಉಳಿದವರಿಗಾಗಿ ಬರೆದೆ.

ವಿಸ್ತರಣೆಯ ಅರ್ಜಿ ನಮೂನೆ ಟಿಎಂ 7, ಶುಲ್ಕ 1,900 ಬಾತ್. ಮುದ್ರೆಯ ಗಡುವಿಗೆ 30 ದಿನ ಇರುವಾಗಿನಿಂದ ಸ್ವೀಕರಿಸುತ್ತಾರೆ. ಕೆಲವು ಕಚೇರಿಗಳು 45 ದಿನ ಮೊದಲೂ ತೆಗೆದುಕೊಳ್ಳುತ್ತವೆ. ಬೇಗ ಕೊಟ್ಟರೆ ದಿನ ನಷ್ಟವಾಗುವುದಿಲ್ಲ, ಹೊಸ ವರ್ಷ ಹಳೆಯ ಗಡುವಿನಿಂದಲೇ ಎಣಿಕೆಯಾಗುತ್ತದೆ. ಬ್ಯಾಂಕಿನ ಪತ್ರವನ್ನು ಆ ದಿನ ಬೆಳಿಗ್ಗೆಯೇ ಪಡೆದು, ಖಾತೆಗೆ ನೂರು ಬಾತ್ ಹಾಕಿ ಪಾಸ್‌ಬುಕ್ಕಿನಲ್ಲಿ ಅಂದಿನ ತಾರೀಖು ಮೂಡಿಸಿಕೊಳ್ಳಿ.

ಈಗ 90 ದಿನಗಳ ವರದಿ. ನಮ್ಮವರು ಹೆಚ್ಚು ಗೊಂದಲ ಮಾಡಿಕೊಳ್ಳುವುದು ಇಲ್ಲಿಯೇ. ಇದು 90 ದಿನಗಳಿಗೊಮ್ಮೆ ಇಮಿಗ್ರೇಷನ್‌ಗೆ ವಿಳಾಸ ತಿಳಿಸುವ ವರದಿ ಮಾತ್ರ. ಇದರಿಂದ ಒಂದು ದಿನವೂ ವಾಸ್ತವ್ಯ ಹೆಚ್ಚುವುದಿಲ್ಲ. ವಿಸ್ತರಣೆ ಸಿಕ್ಕಿತೆಂದು ವರದಿ ಬಿಡುವಂತೆಯೂ ಇಲ್ಲ. ಅರ್ಜಿ ಟಿಎಂ 47, ಶುಲ್ಕವಿಲ್ಲ. ಕಚೇರಿಗೆ ಹೋಗುವುದಾದರೆ ಗಡುವಿಗೆ 15 ದಿನ ಮೊದಲಿನಿಂದ 7 ದಿನ ನಂತರದವರೆಗೆ ಅವಕಾಶವಿದೆ. ಆನ್‌ಲೈನ್‌ನಲ್ಲಿ ಆ ನಂತರದ ಏಳು ದಿನಗಳ ವಿನಾಯಿತಿ ಇಲ್ಲ, ಗಡುವಿಗೆ ಮೊದಲೇ ಮುಗಿಸಬೇಕು. ಮೊದಲ ವರದಿಗೂ, ಹೊಸ ಪಾಸ್‌ಪೋರ್ಟ್ ಪಡೆದ ನಂತರದ ವರದಿಗೂ ಕಚೇರಿಗೇ ಹೋಗಬೇಕಾಗುತ್ತದೆ. ತಡವಾಗಿ ನೀವೇ ಹೋದರೆ ದಂಡ 2,000 ಬಾತ್. ದೇಶದಿಂದ ಹೊರಗೆ ಹೋಗಿ ಬಂದರೆ ಎಣಿಕೆ ಮತ್ತೆ ಒಂದರಿಂದ ಶುರು. ಪತಿ, ಪತ್ನಿ ಇಬ್ಬರದೂ ಪ್ರತ್ಯೇಕ ವರದಿ.

ಇದಕ್ಕೆಲ್ಲ ಅಡಿಪಾಯ ಟಿಎಂ 30. ವಿದೇಶೀಯರು ಬಂದ 24 ಗಂಟೆಯೊಳಗೆ ಮನೆಯೊಡೆಯರು ಇಮಿಗ್ರೇಷನ್‌ಗೆ ತಿಳಿಸಬೇಕು. ಕರ್ತವ್ಯ ಅವರದು, ಆದರೆ ಆ ರಸೀದಿ ಇಲ್ಲದಿದ್ದರೆ ಕೌಂಟರಿನಿಂದ ಹಿಂದಿರುಗಬೇಕಾದವರು ನಾವು. ಹುವಾ ಹಿನ್‌ನಲ್ಲಿರುವ ಮಂಗಳೂರಿನ ದಂಪತಿ ಬಾಡಿಗೆ ಕರಾರಿಗೆ ಸಹಿ ಹಾಕುವ ಮೊದಲೇ ಇದನ್ನು ಮಾಡಿಕೊಡುವಿರಾ ಎಂದು ಕೇಳುತ್ತಾರೆ. ಹಿಂಜರಿದವರ ಮನೆ ಹಿಡಿಯುವುದಿಲ್ಲ. ನಾನೂ ಅದನ್ನೇ ಎಲ್ಲರಿಗೂ ಹೇಳುತ್ತೇನೆ.

ಊರಿಗೆ ಹೋಗುವ ಮೊದಲು ಮರುಪ್ರವೇಶ ಪರವಾನಗಿ ಪಡೆಯಿರಿ: ಒಂದು ಸಲಕ್ಕೆ 1,000 ಬಾತ್, ಹಲವು ಸಲಕ್ಕೆ 3,800. ಪಟ್ಟಾಯದ ಗೆಳೆಯರೊಬ್ಬರು ಅದಿಲ್ಲದೆ ಉಡುಪಿಗೆ ಮದುವೆಗೆ ಹೋಗಿ ಬಂದರು. ಇನ್ನೂ ಎಂಟು ತಿಂಗಳಿದ್ದ ವಿಸ್ತರಣೆ ಅಲ್ಲಿಗೇ ರದ್ದಾಯಿತು, ಎಲ್ಲವನ್ನೂ ಮೊದಲಿನಿಂದ ಮಾಡಬೇಕಾಯಿತು. ಆತುರದಲ್ಲಿ ಹೊರಟರೆ ಸುವರ್ಣಭೂಮಿ ವಿಮಾನ ನಿಲ್ದಾಣದಲ್ಲೂ ಸಿಗುತ್ತದೆ. ಹಿಂತಿರುಗುವಾಗ ಡಿಜಿಟಲ್ ಆಗಮನ ಪತ್ರ ತುಂಬುವುದು 2025ರ ಮೇ 1ರಿಂದ ಕಡ್ಡಾಯ.

ಗಡುವು ಮೀರಿ ಉಳಿಯುವುದು ವರದಿ ತಡವಾದಂತಲ್ಲ. ದಿನಕ್ಕೆ 500 ಬಾತ್, ಗರಿಷ್ಠ 20,000. ತಪಾಸಣೆಯಲ್ಲಿ ಸಿಕ್ಕಿಬಿದ್ದರೆ ಐದು ವರ್ಷ ಪ್ರವೇಶ ನಿಷೇಧ; ಒಂದು ವರ್ಷ ಮೀರಿ ಉಳಿದಿದ್ದರೆ ಹತ್ತು ವರ್ಷ.

ಕೊನೆಗೆ ನಿಮ್ಮ ಪತ್ನಿಯವರ ವಿಚಾರ. ಅವರು ನಿಮ್ಮ ಅವಲಂಬಿತರಾಗಿ ವಿಸ್ತರಣೆ ಕೇಳಿದರೆ ಬೇರೆ 8 ಲಕ್ಷ ಬೇಕಿಲ್ಲ, ಮದುವೆಯ ಪ್ರಮಾಣಪತ್ರ ಬೇಕು. ನಿಮ್ಮ ಕಾಲದ ಎಷ್ಟೋ ಮದುವೆಗಳು ನೋಂದಣಿಯೇ ಆಗಿಲ್ಲ. ಲಗ್ನಪತ್ರಿಕೆ, ಫೋಟೊ ಇಲ್ಲಿ ನಡೆಯುವುದಿಲ್ಲ. ನೋಂದಣಿ ಆಗಿದ್ದರೆ ಬ್ಯಾಂಕಾಕಿನ ನಮ್ಮ ರಾಯಭಾರ ಕಚೇರಿಯ ದೃಢೀಕರಣ, ಥಾಯ್ ಅನುವಾದ, ಥಾಯ್ ವಿದೇಶಾಂಗ ಸಚಿವಾಲಯದ ಮುದ್ರೆ, ಇಷ್ಟಕ್ಕೂ ಸಮಯ ಹಿಡಿಯುತ್ತದೆ. ಪ್ರಮಾಣಪತ್ರದಲ್ಲಿ ಅವರ ಹೆಸರು ಪಾಸ್‌ಪೋರ್ಟಿನಲ್ಲಿರುವಂತೆಯೇ ಇದೆಯೇ, ಅಡ್ಡಹೆಸರು ಬಿಟ್ಟುಹೋಗಿಲ್ಲವೇ ಎಂದು ಇವತ್ತೇ ನೋಡಿ. ನೋಂದಣಿಯೇ ಆಗಿಲ್ಲವಾದರೆ ತಿಳಿಸಿ. ಧಾರವಾಡಕ್ಕೆ ಹೋಗಿ ಉಪನೋಂದಣಾಧಿಕಾರಿ ಕಚೇರಿಯಲ್ಲಿ ಮಾಡಿಸಿಕೊಂಡು ಬಂದ ದಂಪತಿ ನನಗೆ ಗೊತ್ತು, ಅವರನ್ನು ಕೇಳಿ ಬೇಕಾದ ದಾಖಲೆಗಳ ಪಟ್ಟಿ ಇಲ್ಲಿಯೇ ಹಾಕುತ್ತೇನೆ.