ಹಳೇ ಮಿನಿವ್ಯಾನ್: ಸ್ಲೈಡಿಂಗ್ ಡೋರ್ ರಿಪೇರಿ, ವಾರಂಟಿ ತಕರಾರು – ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ನಮ್ಮ ಮಿನಿವ್ಯಾನ್‌ಗೆ ವಯಸ್ಸಾಗಿದೆ. ಎಂಜಿನ್ ಮಾತ್ರ ಇನ್ನೂ ಗಟ್ಟಿ, ಹಾಗಾಗಿ ಮಾರುವ ಯೋಚನೆ ಇಲ್ಲ.

ಜಾಸ್ತಿ ತಲೆನೋವು ಪವರ್ ಸ್ಲೈಡಿಂಗ್ ಡೋರ್‌ನದ್ದು. ಸ್ವಿಚ್ ಒತ್ತಿದರೆ ಮೋಟಾರ್ ಸದ್ದು ಬರುತ್ತದೆ, ಬಾಗಿಲು ಅರ್ಧಕ್ಕೆ ಬಂದು ವಾಪಸ್ ಹೋಗುತ್ತದೆ. ಟ್ರ್ಯಾಕ್ ಒರೆಸಿ ಸಿಲಿಕಾನ್ ಸ್ಪ್ರೇ ಹೊಡೆದೆ, ಸ್ವಲ್ಪ ಸಲೀಸಾಯಿತು ಅಷ್ಟೇ. ಪವರ್ ಆಫ್ ಮಾಡಿ ಕೈಯಲ್ಲಿ ಎಳೆದರೂ ಒಂದೇ ಜಾಗದಲ್ಲಿ ಬಿಗಿಯುತ್ತದೆ. ಹಾಗಾದರೆ ರೋಲರ್ (ಬಾಗಿಲು ಟ್ರ್ಯಾಕ್ ಮೇಲೆ ಉರುಳುವ ಚಿಕ್ಕ ಚಕ್ರ) ಸವೆದಿರಬೇಕು ಅಂತ ನನ್ನ ಲೆಕ್ಕ. ಮೆಕ್ಯಾನಿಕ್ ನೋಡಿದರೆ ಕೇಬಲ್, ಮೋಟಾರ್ ಪೂರಾ ಸೆಟ್ ಬದಲಿಸಬೇಕು ಅನ್ನುತ್ತಾರೆ. ಮೊದಲು ಬರೀ ರೋಲರ್ ಹಾಕಿ ನೋಡಬಹುದಾ?

ಕಂಪನಿ ವಾರಂಟಿ ಯಾವಾಗಲೋ ಮುಗಿದಿದೆ. ದುಡ್ಡು ಕೊಟ್ಟು ತೆಗೆದುಕೊಂಡ ಎಕ್ಸ್‌ಟೆಂಡೆಡ್ ವಾರಂಟಿ ಇದೆ. ಅದರಲ್ಲಿ ಮೋಟಾರ್ ಸೇರಿದೆ, ರೋಲರ್ ಸವೆಯುವ ಭಾಗ ಅಂತ ಸೇರಿಲ್ಲ. ಇದು ಒಪ್ಪುವ ಮಾತೇ. ಆದರೆ ರೋಲರ್ ಸವೆದು ಮೋಟಾರ್ ಕೆಟ್ಟಿದ್ದರೆ ಅದನ್ನೂ ಕೊಡಲ್ಲ ಅಂತ ವಾರಂಟಿಯವರು ಫೋನಲ್ಲಿ ಹೇಳುತ್ತಾರೆ. ಕರಾರು ಪತ್ರದಲ್ಲಿ ಅಂಥ ಷರತ್ತು ನನಗೆ ಕಾಣಲಿಲ್ಲ. ಯಾವ ಷರತ್ತು ಅಂತ ಇಮೇಲ್‌ನಲ್ಲಿ ಕೇಳಿದ್ದೇನೆ, ಉತ್ತರ ಇಲ್ಲ. ಹೀಗೆ ತಿರಸ್ಕಾರವಾದ ಕ್ಲೇಮ್ ಯಾರಾದರೂ ಗೆದ್ದಿದ್ದೀರಾ? ಯಾವ ದಾಖಲೆ ಕೊಟ್ಟಿರಿ? ನನ್ನ ಹತ್ತಿರ ಸರ್ವಿಸ್ ಬಿಲ್‌ಗಳೆಲ್ಲ ಇವೆ.

ಇನ್ನೊಂದು, ಚೆಕ್ ಎಂಜಿನ್ ದೀಪ. ಕೋಡ್ ಪಿ0420, ಅಂದರೆ ಕ್ಯಾಟಲಿಟಿಕ್ ಕನ್ವರ್ಟರ್ (ಎಂಜಿನ್ ಹೊಗೆ ಶುದ್ಧ ಮಾಡುವ ಭಾಗ) ಸರಿಯಾಗಿ ಕೆಲಸ ಮಾಡುತ್ತಿಲ್ಲ ಅಂತ. ಗ್ಯಾರೇಜ್‌ನವರು ನೇರವಾಗಿ ಕನ್ವರ್ಟರನ್ನೇ ಬದಲಿಸಿ ಅನ್ನುತ್ತಿದ್ದಾರೆ. ಎಕ್ಸಾಸ್ಟ್ ಸೋರಿಕೆ ಇದ್ದರೂ, ಕನ್ವರ್ಟರ್ ಹಿಂದಿರುವ ಆಕ್ಸಿಜನ್ ಸೆನ್ಸರ್ ಕೆಟ್ಟರೂ ಇದೇ ಕೋಡ್ ಬರಬಹುದು ಅಲ್ವಾ? ಅವನ್ನು ನೋಡದೆ ಅಷ್ಟು ದುಬಾರಿ ಭಾಗ ಸುಮ್ನೆ ಯಾಕೆ ಹಾಕಿಸಲಿ? ಯಾವುದನ್ನು ಮೊದಲು ಪರೀಕ್ಷೆ ಮಾಡಿಸಬೇಕು, ತಿಳಿದವರು ಹೇಳಿ.