ಐವರಿ ಕೋಸ್ಟ್ ಇ-ವೀಸಾ ಎರಡು ಸಲ ವಾಪಸ್ ಬಂತು, ಕಾರಣ ಎಂತ ಅಂತ ಗೊತ್ತಾಗ್ತಿಲ್ಲ

ಗೇರು_ಗೋಣಿ · ಸೋಮವಾರ, ರಾತ್ರಿ 11:20

ತಲೆ ಕೆಟ್ಟು ಹೋಗಿದೆ, ಅದಕ್ಕೇ ಈ ಹೊತ್ತಿನಲ್ಲಿ ಬರೆಯುತ್ತಿದ್ದೇನೆ. ಐವರಿ ಕೋಸ್ಟ್‌ಗೆ ಆನ್‌ಲೈನ್‌ನಲ್ಲಿ ಇ-ವೀಸಾ ಹಾಕಿದೆ, ವಾಪಸ್ ಬಂತು. ಎಲ್ಲ ಮತ್ತೊಮ್ಮೆ ನೋಡಿ ತುಂಬಿದೆ, ಮತ್ತೆ ವಾಪಸ್. ಮೇಲ್‌ನಲ್ಲಿ ಒಂದೇ ಸಾಲು, ಅದೂ ಫ್ರೆಂಚ್. ಫೋನಿನಲ್ಲಿ ಅನುವಾದ ಮಾಡಿಸಿದರೆ ದಾಖಲೆಗಳು ಸರಿಹೊಂದುತ್ತಿಲ್ಲ ಅಂತ ಬಂತು. ಯಾವ ದಾಖಲೆ ಅಂತ ಹೇಳಬೇಕಲ್ವಾ?

ಪಾಸ್‌ಪೋರ್ಟ್, ಫೋಟೋ, ಹೋಟೆಲ್ ಬುಕಿಂಗ್, ಟಿಕೆಟ್, ಅಲ್ಲಿನ ಪಾರ್ಟಿಯ ಆಹ್ವಾನ ಪತ್ರ, ಎಲ್ಲ ಹಾಕಿದ್ದೇನೆ. ಮಾರ್ಚ್ ಮೊದಲ ವಾರ ಅಲ್ಲಿರಲೇಬೇಕು. ಗೇರುಬೀಜ ಖರೀದಿಯ ಸೀಸನ್ ಶುರುವಾಗಿದೆ. ತಡ ಮಾಡಿದರೆ ಒಳ್ಳೆಯ ಮಾಲು ಬೇರೆಯವರ ಪಾಲು. ಗೊತ್ತಿದ್ದವರು ಹೇಳಿ ಮಾರಾಯ್ರೆ.

ಸ್ಟುಡಿಯೋ_ಭಟ್ಟ · ಸೋಮವಾರ, ರಾತ್ರಿ 11:48

ಫೋಟೋ. ನೂರಕ್ಕೆ ನೂರು ಫೋಟೋ. 30 ವರ್ಷ ಸ್ಟುಡಿಯೋ ನಡೆಸಿದವನು ಹೇಳುತ್ತಿದ್ದೇನೆ. ನಮ್ಮ ಊರುಗಳಲ್ಲಿ ಬಿಳಿ ಪರದೆ ಅಂತ ಕಟ್ಟುವುದು ನೀಲಿ ಜಾಸ್ತಿ ಹಾಕಿ ಒಗೆದ ಪಂಚೆಯ ಬಣ್ಣ. ಕಣ್ಣಿಗೆ ಬಿಳಿ, ಕಂಪ್ಯೂಟರಿಗೆ ನೀಲಿ. ನಿಮ್ಮದರಲ್ಲಿ ಕಿವಿಯ ಹಿಂದೆ ನೆರಳು ಬಿದ್ದಿದೆಯಾ? ಕನ್ನಡಕ ಹಾಕಿದ್ದೀರಾ?

ಗೇರು_ಗೋಣಿ · ಮಂಗಳವಾರ, ಬೆಳಗ್ಗೆ 7:05

ಕನ್ನಡಕ ಇಲ್ಲ. ನೆರಳು ಎಡಗಿವಿ ಹತ್ತಿರ ಸ್ವಲ್ಪ ಉಂಟು.

ಸ್ಟುಡಿಯೋ_ಭಟ್ಟ · ಮಂಗಳವಾರ, ಬೆಳಗ್ಗೆ 7:09

ಮುಗೀತಲ್ಲ. ಹೊಸದು ತೆಗೆಸಿ. ಗೋಡೆಯಿಂದ ನಾಲ್ಕು ಅಡಿ ಮುಂದೆ ಕೂರಬೇಕು, ಎರಡೂ ಕಡೆಯಿಂದ ಬೆಳಕು ಬೀಳಬೇಕು.

ಲೆಕ್ಕದ_ಮೇಷ್ಟ್ರು · ಮಂಗಳವಾರ, ಬೆಳಗ್ಗೆ 9:30

ಭಟ್ರೆ, ಸ್ವಲ್ಪ ತಡೆಯಿರಿ. ಗೋಣಿ ಅವರೇ, ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ ಇದೆಯಾ? ನಮ್ಮವರಲ್ಲಿ ಅರ್ಧ ಜನರದ್ದು ಹೀಗೇ. ಇನಿಷಿಯಲ್ ಬಿಡಿಸಿ ಅಪ್ಪನ ಹೆಸರೂ ಗಿವನ್ ನೇಮ್ ಜಾಗದಲ್ಲೇ ಕೂತಿರುತ್ತದೆ. ಅರ್ಜಿಯಲ್ಲಿ ಅದನ್ನು ಒಡೆದು ಎರಡು ಕಡೆ ಬರೆದರೆ ಪಾಸ್‌ಪೋರ್ಟಿಗೂ ಅರ್ಜಿಗೂ ತಾಳೆ ಆಗುವುದಿಲ್ಲ.

ಇನ್ನೊಂದು. ಹಳದಿ ಜ್ವರದ ಇಂಜೆಕ್ಷನ್ ಆಗಿದೆಯಾ? ಚುಚ್ಚಿಸಿಕೊಂಡ ಹತ್ತು ದಿನದ ಮೇಲಷ್ಟೇ ಆ ಕಾರ್ಡಿಗೆ ಬೆಲೆ. ಸರ್ಕಾರ ಗುರುತಿಸಿದ ಕೇಂದ್ರದಲ್ಲೇ ಹಾಕಿಸಬೇಕು, ನಿಮ್ಮ ಫ್ಯಾಮಿಲಿ ಡಾಕ್ಟರ್ ಚೀಟಿ ನಡೆಯಲ್ಲ.

ಪುತ್ತೂರು_ಪಯಣಿಗ · ಮಂಗಳವಾರ, ಬೆಳಗ್ಗೆ 10:12

ಕಾರ್ಡು ಹಳೆಯದಾದರೂ ಹೊಡೆತ. 10 ವರ್ಷಕ್ಕೊಮ್ಮೆ ಮತ್ತೆ ಹಾಕಿಸಬೇಕು.

ಲೆಕ್ಕದ_ಮೇಷ್ಟ್ರು · ಮಂಗಳವಾರ, ಬೆಳಗ್ಗೆ 10:20

ಆ ಕಾಲ ಹೋಯಿತು. 2016ರ ಜುಲೈ 11ರಿಂದ ಒಂದು ಸಲ ಹಾಕಿಸಿದರೆ ಜೀವನಪೂರ್ತಿ ನಡೆಯುತ್ತದೆ. ಹಳೇ ಕಾರ್ಡಿಗೂ ಅದೇ ನಿಯಮ.

ಪುತ್ತೂರು_ಪಯಣಿಗ · ಮಂಗಳವಾರ, ಬೆಳಗ್ಗೆ 10:26

ನನ್ನ ಕಾರ್ಡಿನ ಮೇಲೆ 10 ವರ್ಷ ಅಂತ ಸೀಲು ಹೊಡೆದಿದ್ದಾರೆ ಸ್ವಾಮಿ. ಬೇಕಾದರೆ ಫೋಟೋ ಹಾಕುತ್ತೇನೆ.

ಲೆಕ್ಕದ_ಮೇಷ್ಟ್ರು · ಮಂಗಳವಾರ, ಬೆಳಗ್ಗೆ 10:31

ಯಾವ ವರ್ಷದ ಕಾರ್ಡು?

ಪುತ್ತೂರು_ಪಯಣಿಗ · ಮಂಗಳವಾರ, ಬೆಳಗ್ಗೆ 10:40

2012. ಅದಕ್ಕೂ ಇದಕ್ಕೂ ಎಂತ ಸಂಬಂಧ?

ಸ್ಟುಡಿಯೋ_ಭಟ್ಟ · ಮಂಗಳವಾರ, ಬೆಳಗ್ಗೆ 10:44

ಕಾರ್ಡಿನ ಫೋಟೋ ಹಾಕುವಾಗ ಫ್ಲ್ಯಾಶ್ ಬಳಸಬೇಡಿ, ಸೀಲಿನ ಶಾಯಿ ಹೊಳೆಯುತ್ತದೆ.

ಗೇರು_ಗೋಣಿ · ಮಂಗಳವಾರ, ಮಧ್ಯಾಹ್ನ 2:15

ಇಂಜೆಕ್ಷನ್ ಕಳೆದ ವರ್ಷವೇ ಆಗಿದೆ, ಬೆಂಗಳೂರಿನಲ್ಲಿ. ಹಳದಿ ಪುಸ್ತಕ ಪಾಸ್‌ಪೋರ್ಟ್ ಜತೆಗೇ ರಬ್ಬರ್ ಬ್ಯಾಂಡ್ ಹಾಕಿ ಇಟ್ಟಿದ್ದೇನೆ. ಸರ್‌ನೇಮ್ ಕೂಡ ಸರಿ ಇದೆ, ಮನೆತನದ ಹೆಸರು ಪಾಸ್‌ಪೋರ್ಟಿನಲ್ಲೇ ಉಂಟು. ಇಲ್ಲಿನ ಏಜೆಂಟ್ ಒಬ್ಬನನ್ನು ಕೇಳಿದೆ. ಸುಮ್ನೆ ನಕ್ಕು, 25 ಸಾವಿರ ಕೊಡಿ ಮಾಡಿಸಿ ಕೊಡುವ ಅಂದ. ತಪ್ಪು ಎಲ್ಲಿ ಅಂತ ಮಾತ್ರ ಹೇಳಲಿಲ್ಲ.

ತೇಮಾ_ವಾಸಿ · ಮಂಗಳವಾರ, ರಾತ್ರಿ 8:50

ಘಾನಾದಲ್ಲಿ ಹನ್ನೆರಡು ವರ್ಷದಿಂದ ಇದ್ದೇನೆ. ಮೇಲಿನದ್ದನ್ನೆಲ್ಲ ಓದಿದೆ. ಗೋಣಿ ಅವರೇ, ಟಿಕೆಟ್ ಹಾಕಿದ್ದೇನೆ ಅಂದಿರಿ. ಎಲ್ಲಿಂದ ಎಲ್ಲಿಗೆ?

ಗೇರು_ಗೋಣಿ · ಮಂಗಳವಾರ, ರಾತ್ರಿ 9:02

ಬೆಂಗಳೂರು, ಅಡಿಸ್ ಅಬಾಬಾ, ನಿಮ್ಮ ಘಾನಾದ ಅಕ್ರಾ. ವಾಪಸ್ ಬರುವುದೂ ಹಾಗೇ. ಅಕ್ರಾದಲ್ಲಿ ನಮ್ಮ ಮಾಲು ನೋಡುವವನು ಇದ್ದಾನೆ, ಅಲ್ಲಿಂದ ಅವನ ಕಾರಿನಲ್ಲಿ ಗಡಿ ದಾಟುವುದು. ಟಿಕೆಟ್ಟೂ ಕಡಿಮೆಗೆ ಸಿಕ್ಕಿತು. ನಮ್ಮ ಲೈನಿನವರು ಹೋಗುವುದೇ ಹಾಗೆ, ಅದನ್ನು ಬೇರೆ ಬರೆಯಬೇಕು ಅಂತ ಅನ್ನಿಸಲಿಲ್ಲ.

ತೇಮಾ_ವಾಸಿ · ಮಂಗಳವಾರ, ರಾತ್ರಿ 9:25

ಅಯ್ಯೋ ಮಾರಾಯ್ರೆ. ಅದನ್ನೇ ಮೊದಲು ಬರೆಯಬೇಕಿತ್ತು.

ಐವರಿ ಕೋಸ್ಟ್ ಇ-ವೀಸಾ ನಡೆಯುವುದು ಅಬಿಜಾನ್ ವಿಮಾನ ನಿಲ್ದಾಣದಲ್ಲಿ ಮಾತ್ರ. ಆನ್‌ಲೈನ್‌ನಲ್ಲಿ ನಿಮಗೆ ಸಿಗುವುದು ಒಪ್ಪಿಗೆಯ ಕಾಗದ ಅಷ್ಟೇ. ಅದರ ಪ್ರಿಂಟ್ ಹಿಡಿದು ಅಬಿಜಾನ್‌ನಲ್ಲಿ ಇಳಿದರೆ ಅಲ್ಲಿನ ಕೌಂಟರಿನಲ್ಲಿ ಬೆರಳಚ್ಚು ತೆಗೆದುಕೊಂಡು, ಫೋಟೋ ಹೊಡೆದು, ಪಾಸ್‌ಪೋರ್ಟಿಗೆ ವೀಸಾ ಅಂಟಿಸುತ್ತಾರೆ. ಘಾನಾ ಕಡೆಯ ಎಲುಬೋ ದಾಟಿ ಆಚೆ ನೋಯೆಯಲ್ಲಿ ಆ ಕಾಗದ ತೋರಿಸಿದರೆ ಕೆಲಸಕ್ಕೆ ಬರುವುದಿಲ್ಲ. ನಿಮ್ಮ ಹೋಟೆಲ್ ಐವರಿ ಕೋಸ್ಟ್‌ನಲ್ಲಿ, ಟಿಕೆಟ್ ಬೇರೆ ದೇಶಕ್ಕೆ. ಸರಿಹೊಂದುತ್ತಿಲ್ಲ ಅಂದರೆ ಇದೇ ಇರಬೇಕು.

ಈಗ ಎರಡು ದಾರಿ. ಅಬಿಜಾನ್‌ಗೇ ಟಿಕೆಟ್ ಮಾಡಿ, ಅಡಿಸ್‌ನಿಂದಲೇ ವಿಮಾನ ಇದೆ. ರಸ್ತೆಯಲ್ಲೇ ಹೋಗುತ್ತೇನೆ ಅಂದರೆ ದೆಹಲಿಯ ರಾಯಭಾರ ಕಚೇರಿಯಲ್ಲಿ ಪಾಸ್‌ಪೋರ್ಟ್ ಕೊಟ್ಟು ಮೊದಲೇ ವೀಸಾ ಅಂಟಿಸಿಕೊಂಡು ಬರಬೇಕು.

ಘಾನಾ ವೀಸಾ ಇದೆಯಾ? ಒಂದೇ ಪ್ರವೇಶದ್ದಾದರೆ ಅಬಿಜಾನ್‌ಗೆ ಹೋದವರು ವಾಪಸ್ ವಿಮಾನ ಹತ್ತಲು ಅಕ್ರಾಕ್ಕೆ ಬರುವಂತಿಲ್ಲ.

ಪುತ್ತೂರು_ಪಯಣಿಗ · ಮಂಗಳವಾರ, ರಾತ್ರಿ 9:41

ಅಷ್ಟೆಲ್ಲ ಯಾಕೆ? ಅವು ಎಲ್ಲ ಇಕೋವಾಸ್, ಅಂದರೆ ಪಶ್ಚಿಮ ಆಫ್ರಿಕಾ ಒಕ್ಕೂಟದ ದೇಶಗಳು. ಘಾನಾ ವೀಸಾ ಇದ್ದರೆ ಐವರಿ ಕೋಸ್ಟ್, ಟೋಗೊ, ಬೆನಿನ್ ಎಲ್ಲ ಸುತ್ತಬಹುದು. ಯುರೋಪಿನ ಶೆಂಗೆನ್ ಹಾಗೇ.

ತೇಮಾ_ವಾಸಿ · ಮಂಗಳವಾರ, ರಾತ್ರಿ 9:55

ದಯವಿಟ್ಟು ಹೀಗೆ ಬರೆಯಬೇಡಿ, ಯಾರಾದರೂ ನಂಬಿ ಹೊರಟುಬಿಟ್ಟಾರು. ವೀಸಾ ಇಲ್ಲದೆ 90 ದಿನ ಓಡಾಡುವುದು ಆ ದೇಶಗಳ ಪ್ರಜೆಗಳಿಗೆ. ಘಾನಾದವನು ಅಬಿಜಾನ್‌ಗೆ ಹಾಗೇ ಹೋಗುತ್ತಾನೆ. ನಾನು ಇಷ್ಟು ವರ್ಷ ಇಲ್ಲಿದ್ದರೂ ಪಾಸ್‌ಪೋರ್ಟ್ ಭಾರತದ್ದು, ದೇಶಕ್ಕೊಂದು ವೀಸಾ ಬೇಕೇ ಬೇಕು. ಎಲುಬೋದಲ್ಲಿ ಬಸ್ಸಿನಿಂದ ಇಳಿಸಿಕೊಂಡು ಮೂರು ಗಂಟೆ ಮರದ ಬೆಂಚಿನ ಮೇಲೆ ಕೂತವನು ನಾನು. ಜತೆಗಿದ್ದವರೆಲ್ಲ ತಮ್ಮ ಗುರುತಿನ ಕಾರ್ಡು ತೋರಿಸಿ ದಾಟಿದರು. ನನ್ನ ಬ್ಯಾಗು ಬಸ್ಸಿನ ಜತೆ ಅಬಿಜಾನ್ ಸೇರಿತು.

ಸ್ಟುಡಿಯೋ_ಭಟ್ಟ · ಮಂಗಳವಾರ, ರಾತ್ರಿ 10:10

ಟಿಕೆಟ್ ವಿಷಯ ಇರಬಹುದು, ಇಲ್ಲ ಅನ್ನುವುದಿಲ್ಲ. ಆದರೆ ಕಂಪ್ಯೂಟರು ಮೊದಲು ನೋಡುವುದು ಮುಖ.

ಗೇರು_ಗೋಣಿ · ಮಂಗಳವಾರ, ರಾತ್ರಿ 10:32

ತೇಮಾ ಅಣ್ಣ, ಘಾನಾ ವೀಸಾ ಒಂದೇ ಪ್ರವೇಶದ್ದು. ನೀವು ಹೇಳಿದ ಮೇಲೆ ನೋಡಿದೆ. ಕೈಕಾಲು ತಣ್ಣಗಾಯಿತು. ಟಿಕೆಟ್ ಬದಲಾಯಿಸುತ್ತೇನೆ. ಐವರಿ ಕೋಸ್ಟ್ ಒಳಗಿನ ಬುವಾಕೆಗೆ ಹೋಗಬೇಕಿರುವುದು, ಅದಕ್ಕೆ ಅಬಿಜಾನ್‌ನಿಂದಲೇ ಹತ್ತಿರ. ಯಾಕೆ ಸುತ್ತಿ ಬಳಸಿ ಹೊರಟೆನೋ.

ಪುತ್ತೂರು_ಪಯಣಿಗ · ಬುಧವಾರ, ಬೆಳಗ್ಗೆ 6:50

ಬುವಾಕೆ ಮಾಲು ಎಷ್ಟು ಔಟ್‌ಟರ್ನ್, ಅಂದರೆ ಗೋಣಿಗೆ ಎಷ್ಟು ಪೌಂಡ್ ತಿರುಳು, ಬರುತ್ತದೆ? 47 ಸಿಕ್ಕರೆ ದೊಡ್ಡದು. ನಾವು ಗಿನಿ-ಬಿಸ್ಸಾವ್ ದೇಶದ ಬೀಜವೇ ತರುವುದು, 80 ಕಿಲೋ ಗೋಣಿಗೆ 52 ಪೌಂಡ್ ತಿರುಳು. ನನ್ನ ಬ್ಯಾಗಿನಲ್ಲಿ ಡಿಜಿಟಲ್ ತೇವಾಂಶ ಮೀಟರ್, ಎರಡು ಕಟಿಂಗ್ ಕತ್ತರಿ, ಗ್ರಾಂ ತಕ್ಕಡಿ ಯಾವಾಗಲೂ ಇರುತ್ತದೆ. ಅಲ್ಲಿನವರ ಮೀಟರ್ ನಂಬಲೇಬಾರದು.

ಲೆಕ್ಕದ_ಮೇಷ್ಟ್ರು · ಬುಧವಾರ, ಬೆಳಗ್ಗೆ 8:15

ಇದು ವೀಸಾ ಚರ್ಚೆ.

ಪುತ್ತೂರು_ಪಯಣಿಗ · ಬುಧವಾರ, ಬೆಳಗ್ಗೆ 8:19

ವೀಸಾ ಸಿಕ್ಕಿದ ಮೇಲೆ ಅಲ್ಲಿ ಹೋಗಿ ಎಂತ ಮಾಡುವುದು, ಬೀಜ ಕತ್ತರಿಸುವುದೇ ಅಲ್ವಾ? ತೇವಾಂಶ 10 ದಾಟಿದರೆ ಮಂಗಳೂರಿಗೆ ಬರುವಷ್ಟರಲ್ಲಿ ಕಂಟೇನರಿನಲ್ಲಿ ಬೂಸ್ಟು.

ಗೇರು_ಗೋಣಿ · ಮುಂದಿನ ಗುರುವಾರ, ಸಂಜೆ 5:40

ಬಂತು! ಅಬಿಜಾನ್ ಟಿಕೆಟ್ ಹಾಕಿ ಮೂರನೇ ಸಲ ಕಳಿಸಿದೆ, ಒಪ್ಪಿಗೆ ಕಾಗದ ಮೇಲ್‌ಗೆ ಬಂದಿದೆ. ಎರಡು ಪ್ರತಿ ಪ್ರಿಂಟ್ ತೆಗೆದೆ. ಟಿಕೆಟ್ ಬದಲಾವಣೆಗೆ 14 ಸಾವಿರ ಹೋಯಿತು, ಹೋಗಲಿ. ತೇಮಾ ಅಣ್ಣನಿಗೆ ಒಂದು ಕಿಲೋ ಗೇರುಬೀಜ ಬಾಕಿ ಇದೆ.

ಸ್ಟುಡಿಯೋ_ಭಟ್ಟ · ಮುಂದಿನ ಗುರುವಾರ, ಸಂಜೆ 5:52

ಸಂತೋಷ. ಫೋಟೋ ಹಳೆಯದೇ ಹಾಕಿದ್ದಾ, ಹೊಸದಾ?

ಗೇರು_ಗೋಣಿ · ಮುಂದಿನ ಗುರುವಾರ, ಸಂಜೆ 6:10

ಹೊಸದು. ಹೇಗೂ ಇರಲಿ ಅಂತ ತೆಗೆಸಿದ್ದೆ.

ಸ್ಟುಡಿಯೋ_ಭಟ್ಟ · ಮುಂದಿನ ಗುರುವಾರ, ಸಂಜೆ 6:11

ಮತ್ತೆ? ಮೊದಲ ದಿನವೇ ಹೇಳಿದ್ದೆನಲ್ಲ.